ಸೈಟಿಗೆ ಖಾತೆಯಿದೆ, ನೀರಿಗೆ ತಾರೀಖಿಲ್ಲ

ಮದಕರಿಪುರ ಎಂಬ ಹೆಸರು ಕೇಳಿದರೆ ಸಾಕು, ದುರ್ಗದ ಕೋಟೆ ಕಣ್ಣಮುಂದೆ ಬರುತ್ತದೆ. ನಾವು ಆ ಕೋಟೆಯ ಬುರುಜು, ಬತ್ತೇರಿಗಳನ್ನು ಹೊಗಳುತ್ತೇವೆ, ನೀರಿನ ದಾರಿಯನ್ನು ಮರೆಯುತ್ತೇವೆ. ಬೆಟ್ಟದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕತಂಗಿಯರ ಹೊಂಡಕ್ಕೆ ಇಳಿಯುತ್ತಿತ್ತು, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ. ಕಟ್ಟಿದವರ ಲೆಕ್ಕ ಸರಳವಾಗಿತ್ತು: ಮೊದಲು ನೀರು, ಆಮೇಲೆ ಮನೆ.

ಇವತ್ತು ಈ ಲೆಕ್ಕ ತಲೆಕೆಳಗಾಗಿದೆ. ಊರಂಚಿನ ಹೊಲಕ್ಕೆ ಮೊದಲು ಭೂಪರಿವರ್ತನೆ, ಆಮೇಲೆ ಕಮಾನು, ಸೈಟು ಮಾರಾಟ, ನೋಂದಣಿ, ಖಾತೆ, ಕಂದಾಯ. ಎಲ್ಲಕ್ಕೂ ರಸೀದಿ ಉಂಟು. ಗೃಹಪ್ರವೇಶದ ಬೆಳಗ್ಗೆ ಗಂಗೆಪೂಜೆ ಮಾಡಿದವರು ಮಾರನೆಯ ದಿನ ಟ್ಯಾಂಕರಿನವನಿಗೆ ಫೋನ್ ಮಾಡುತ್ತಾರೆ.

ನಲ್ಲಿ ಯಾವಾಗ ಬರುತ್ತದೆ? ನಾನು ಕೇಳಿದ ಕಚೇರಿಯಲ್ಲಿ ಸಿಕ್ಕ ಉತ್ತರ: 'ಲೈನ್ ಬರಲಿ, ಆಮೇಲೆ ಅರ್ಜಿ ಕೊಡಿ.' ಲೈನ್ ಯಾವಾಗ? ಅದಕ್ಕೆ ಉತ್ತರವಿಲ್ಲ. 2011ರ ಸಕಾಲ ಕಾಯ್ದೆ ಸರ್ಕಾರಿ ಸೇವೆಗಳಿಗೆ ಗಡುವು ಹಾಕಿತು. ಆದರೆ ಗಡುವಿನ ದಿನಗಳನ್ನು ಎಣಿಸುವುದು ಅರ್ಜಿ ಸ್ವೀಕಾರವಾದ ಮೇಲೆ. ಅರ್ಜಿಯನ್ನೇ ತೆಗೆದುಕೊಳ್ಳದಿದ್ದರೆ ವಿಳಂಬವೂ ಇಲ್ಲ! ಹೀಗೆ ವರ್ಷಗಟ್ಟಲೆ ಕಾದವರು ಯಾವ ಕಡತದಲ್ಲೂ ಕಾದವರಾಗಿ ದಾಖಲಾಗುವುದಿಲ್ಲ. ನನ್ನ ಮುಖ್ಯ ತಕರಾರು ಇದೇ.

ಬರದ ಜಿಲ್ಲೆ, ನೀರೆಲ್ಲಿಂದ ತರೋಣ ಎನ್ನುವವರಿದ್ದಾರೆ. ಬರ ನಿಜ. ಆದರೆ 1907ರಲ್ಲಿ ಕಟ್ಟಿ ಮುಗಿದ ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿತ್ತು, 2025ರ ಜನವರಿಯಲ್ಲಿ ಮತ್ತೊಮ್ಮೆ. ಹಿರಿಯೂರಿಗೆ ಹೋಗಿ ಆ ಕೋಡಿಯ ಮುಂದೆ ಸೆಲ್ಫಿ ತೆಗೆದುಕೊಂಡು ಬಂದವರು ಮನೆಯಲ್ಲಿ ಟ್ಯಾಂಕರ್ ಕಾಯುತ್ತಾರೆಂದರೆ ಅದಕ್ಕೆ ಮೋಡವನ್ನು ಬೈದು ಫಲವಿಲ್ಲ.

ಇದು ದುರ್ಗದ ಕಥೆ ಮಾತ್ರವಲ್ಲ. 2007ರಲ್ಲಿ ಬೆಂಗಳೂರು 110 ಹಳ್ಳಿಗಳನ್ನು ಒಳಗೆ ಸೇರಿಸಿಕೊಂಡಿತು. ಅವಕ್ಕೆ ನೀರು ಕೊಡುವ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಸೇರ್ಪಡೆಯ ವರ್ಷ ಹುಟ್ಟಿದ ಮಗು ಅಷ್ಟು ಹೊತ್ತಿಗೆ ಪಿಯುಸಿ ಓದುತ್ತಿತ್ತು.

ಅಲ್ಲಿಯವರೆಗೆ ಬೋರ್‌ವೆಲ್ ಇದೆಯಲ್ಲ ಎನ್ನುವವರು ಈ ಜಿಲ್ಲೆಯ ಫ್ಲೋರೈಡನ್ನು ಮರೆತಿದ್ದಾರೆ. ಒಂದು ಬೋರ್‌ವೆಲ್, ಒಂದು ಓವರ್‌ಹೆಡ್ ಟ್ಯಾಂಕ್ ತೋರಿಸಿ ನೀರಿನ ಕಾಲಂ ಭರ್ತಿ ಮಾಡುವುದು ಮಾರುವವನಿಗೆ ಸುಲಭ. ಕುಡಿಯುವುದು ಕೊಂಡವನ ಮಕ್ಕಳು. 'ವಿಚಾರಿಸದೆ ಯಾಕೆ ಕೊಂಡಿರಿ' ಎಂದು ಕೇಳುವ ಸರ್ಕಾರ ಮುದ್ರಾಂಕ ಶುಲ್ಕ ಕಟ್ಟಿಸಿಕೊಳ್ಳುವಾಗ ಆ ಪ್ರಶ್ನೆ ಕೇಳಿತ್ತೇ?

ಅಮೆರಿಕದ ಅರಿಜೋನಾ ಮರುಭೂಮಿಯ ರಾಜ್ಯ. ಅಲ್ಲಿನ 1980ರ ಅಂತರ್ಜಲ ಕಾಯ್ದೆಯಂತೆ ಫೀನಿಕ್ಸ್ ಸುತ್ತಮುತ್ತ ಹೊಸ ಬಡಾವಣೆಯ ಸೈಟು ಮಾರಬೇಕಾದರೆ 100 ವರ್ಷಕ್ಕಾಗುವಷ್ಟು ನೀರಿದೆಯೆಂದು ಮೊದಲು ತೋರಿಸಬೇಕು. 2023ರಲ್ಲಿ ಅಲ್ಲಿ ಅಂತರ್ಜಲವನ್ನೇ ನಂಬಿದ ಹೊಸ ಬಡಾವಣೆಗಳಿಗೆ ಅನುಮತಿಯನ್ನೇ ತಡೆದರು. ನಾವು 100 ವರ್ಷ ಕೇಳುತ್ತಿಲ್ಲ, ಒಂದು ತಾರೀಖು ಕೇಳುತ್ತಿದ್ದೇವೆ.

ಲೈನ್ ಇರಲಿ ಬಿಡಲಿ, ಅರ್ಜಿ ತೆಗೆದುಕೊಳ್ಳಲಿ, ಆ ದಿನದಿಂದಲೇ ಕಾಯುವಿಕೆಯ ಲೆಕ್ಕ ಶುರುವಾಗಲಿ. ಯಾವ ಬಡಾವಣೆ ಎಷ್ಟು ದಿನದಿಂದ ಕಾಯುತ್ತಿದೆ ಎಂಬ ಪಟ್ಟಿಯನ್ನು ನಗರಸಭೆ, ಪಂಚಾಯಿತಿಗಳು ಬಾಗಿಲಿಗೆ ಅಂಟಿಸಲಿ. ನೀರಿನ ಮೂಲ ಖಚಿತವಾಗದೆ ಸೈಟು ನೋಂದಣಿಯಾಗದಿರಲಿ.

ಓಬವ್ವ ನೀರು ತರಲು ಹೋದಾಗಲೇ ಶತ್ರುವನ್ನು ಕಂಡಳು ಎನ್ನುತ್ತದೆ ದುರ್ಗದ ಕಥೆ. ನಾವು ಅವಳ ಒನಕೆಯನ್ನಷ್ಟೇ ನೆನಪಿಟ್ಟುಕೊಂಡೆವು. ಕೊಡ ಹಿಡಿದು ಟ್ಯಾಂಕರಿನ ಹಿಂದೆ ನಿಂತ ಹೆಂಗಸರಿಗೆ ಮಾತ್ರ ಆ ಕಥೆಯ ಮೊದಲರ್ಧ ದಿನವೂ ನೆನಪಾಗುತ್ತದೆ.