ರಕ್ತಸಂಬಂಧದ ಮದುವೆ ಮತ್ತು ಹುಕ್ಕು-ಕಾಜದ ಲೆಕ್ಕ



“ಮಗಳನ್ನು ನನ್ನ ತಮ್ಮನಿಗೇ ಕೊಡೋಣ ಅಂತಿದ್ದೇವೆ. ಕಣ್ಣೆದುರಿಗೆ ಬೆಳೆದ ಹುಡುಗ, ಮಗಳೂ ಕಣ್ಣೆದುರಿಗೇ ಇರ್ತಾಳೆ. ಆದರೆ ಡಾಕ್ಟರು ರಕ್ತಸಂಬಂಧ ಬೇಡ ಅಂತಾರಲ್ಲ, ಯಾಕೆ?” ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಇದು. ಬರೀ “ಬೇಡ” ಎಂದರೆ ಯಾರು ಒಪ್ಪುತ್ತಾರೆ? ಕಾರಣ ತಿಳಿಯಬೇಕು. ಆ ಕಾರಣ ಇರುವುದು ನಮ್ಮ ಜೀವಕೋಶಗಳೊಳಗಿನ ಡಿ.ಎನ್.ಎ. ಎಂಬ ಎಳೆಯಲ್ಲಿ.

ಮೈಯ ಬಹುತೇಕ ಎಲ್ಲ ಜೀವಕೋಶಗಳಲ್ಲೂ 46 ವರ್ಣತಂತುಗಳಿವೆ. 23 ತಾಯಿಯಿಂದ ಬಂದವು, 23 ತಂದೆಯಿಂದ. ಇವುಗಳಲ್ಲಿ ಸುತ್ತಿಟ್ಟಿರುವುದೇ ಡಿ.ಎನ್.ಎ. ಕಣ್ಣಿಗೆ ಕಾಣದ ಒಂದು ಕೋಶದಲ್ಲಿರುವ ಡಿ.ಎನ್.ಎ.ಯನ್ನು ಬಿಡಿಸಿ ಹಿಡಿದರೆ ಸುಮಾರು 2 ಮೀಟರ್ ಉದ್ದವಾಗುತ್ತದೆ!

ಇದರ ರಚನೆ ತಿಳಿಯಲು ರವಿಕೆಯ ಹುಕ್ಕಿನ ಪಟ್ಟಿಯನ್ನು ನೆನೆಸಿಕೊಳ್ಳಿ. ಎರಡು ಪಟ್ಟಿಗಳು ಎದುರುಬದುರಾಗಿ ಕೂಡಿಕೊಂಡು, ಹುರಿಯಂತೆ ತಿರುಚಿಕೊಂಡಿವೆ. ಪಟ್ಟಿಗಳ ಮೇಲೆ ಅಡೆನೀನ್, ಥೈಮೀನ್, ಗ್ವಾನೀನ್, ಸೈಟೋಸೀನ್ ಎಂಬ ನಾಲ್ಕೇ ಬಗೆಯ ರಾಸಾಯನಿಕಗಳು ಸಾಲಾಗಿವೆ. ಹುಕ್ಕಿಗೆ ಕಾಜವೇ ಬೇಕಲ್ಲವೇ? ಹಾಗೆಯೇ ಅಡೆನೀನಿಗೆ ಥೈಮೀನೇ ಜೊತೆ, ಗ್ವಾನೀನಿಗೆ ಸೈಟೋಸೀನೇ ಜೊತೆ. ತಾಯಿ-ತಂದೆ ಒಬ್ಬೊಬ್ಬರಿಂದಲೂ ನಮಗೆ ಬಂದಿರುವುದು ಇಂಥ ಸುಮಾರು 300 ಕೋಟಿ ಜೋಡಿ. ಮೈ ಕಟ್ಟುವ ವಿಧಾನವೆಲ್ಲ ಈ ನಾಲ್ಕು ಅಕ್ಷರಗಳಲ್ಲೇ ಬರೆದಿದೆ.

1953ರಲ್ಲಿ ಈ ರಚನೆಯನ್ನು ಪ್ರಕಟಿಸಿದವರು ವಾಟ್ಸನ್ ಮತ್ತು ಕ್ರಿಕ್. ಅವರಿಗೆ ದಾರಿ ತೋರಿದ್ದರಲ್ಲಿ ರೋಸಲಿಂಡ್ ಫ್ರಾಂಕ್ಲಿನ್ ಎಂಬ ವಿಜ್ಞಾನಿಯ ಎಕ್ಸ್‌ರೇ ಕೆಲಸದ ಪಾಲು ದೊಡ್ಡದು. ಆಕೆ 1958ರಲ್ಲಿ, 37ರ ಹರೆಯದಲ್ಲೇ ತೀರಿಕೊಂಡರು. 1962ರ ನೊಬೆಲ್ ಬಹುಮಾನ ಮೂವರು ಗಂಡಸರಿಗೆ ಹೋಯಿತು. ಆಕೆಯ ಹೆಸರು ನಮಗಾದರೂ ನೆನಪಿರಲಿ.

ಒಂದು ಕೋಶ ಎರಡಾಗುವ ಮೊದಲು ಡಿ.ಎನ್.ಎ. ಕೂಡ ಎರಡಾಗಬೇಕು. ಆಗ ಹುಕ್ಕು ಬಿಚ್ಚಿದಂತೆ ಪಟ್ಟಿಗಳು ಬೇರೆಯಾಗುತ್ತವೆ. ಒಂದು ಪಟ್ಟಿ ಕೈಲಿದ್ದರೆ ಇನ್ನೊಂದು ಹೇಗಿರಬೇಕೆಂದು ದರ್ಜಿ ಹೇಳಬಲ್ಲ. ಹಾಗೆಯೇ ಕಿಣ್ವಗಳು ಪ್ರತಿ ಹಳೆಯ ಪಟ್ಟಿಯ ಎದುರಿಗೂ ಹೊಸ ಪಟ್ಟಿಯನ್ನು ಜೋಡಿಸುತ್ತವೆ. ತಪ್ಪು ಅಕ್ಷರ ಬಿದ್ದರೆ ಬಿಚ್ಚಿ ಸರಿಪಡಿಸುತ್ತವೆ ಕೂಡ. ಕೊನೆಗೆ ಎರಡು ಡಿ.ಎನ್.ಎ., ಎರಡರಲ್ಲೂ ಅರ್ಧ ಹಳೆಯದು, ಅರ್ಧ ಹೊಸದು.

ಇಷ್ಟು ಜಾಗ್ರತೆಯಿದ್ದರೂ ಅಪರೂಪಕ್ಕೊಂದು ತಪ್ಪು ಉಳಿದುಬಿಡುತ್ತದೆ. ಒಮ್ಮೆ ಉಳಿಯಿತೋ, ಮುಂದಿನ ನಕಲುಗಳಲ್ಲೆಲ್ಲ ಅದೇ ತಪ್ಪು ನಿಷ್ಠೆಯಿಂದ ಮೂಡುತ್ತದೆ. ಅಜ್ಜಿಯಿಂದ ಮಗಳಿಗೆ, ಮಗನಿಗೆ, ಮೊಮ್ಮಕ್ಕಳಿಗೆ ಸಾಗಬಹುದು.

ಥಲಸ್ಸೀಮಿಯಾ ಕಾಯಿಲೆಯನ್ನೇ ನೋಡಿ. ರಕ್ತದ ಹಿಮೋಗ್ಲೋಬಿನ್ ತಯಾರಿಸುವ ವಂಶವಾಹಿಯಲ್ಲಿ ಗ್ವಾನೀನ್ ಇರಬೇಕಾದ ಒಂದು ಕಡೆ ಸೈಟೋಸೀನ್ ಬಂದಿರುವುದು ಭಾರತದಲ್ಲಿ ಇದಕ್ಕೆ ಹೆಚ್ಚಾಗಿ ಕಾಣುವ ಕಾರಣ. ಒಂದೇ ಅಕ್ಷರ! ತಂದೆ ಅಥವಾ ತಾಯಿ, ಒಬ್ಬರಿಂದ ಮಾತ್ರ ದೋಷ ಬಂದಿದ್ದರೆ ಇನ್ನೊಬ್ಬರ ಸರಿಯಾದ ಪ್ರತಿ ಕೆಲಸ ತೂಗಿಸುತ್ತದೆ; ಅಂಥವರು ಆರೋಗ್ಯವಾಗಿಯೇ ಇರುತ್ತಾರೆ. ಇಬ್ಬರಿಂದಲೂ ಬಂದರೆ ಮಾತ್ರ ಕಷ್ಟ. ಅಂಥ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸಬೇಕಾಗಬಹುದು. ಗಂಡ-ಹೆಂಡತಿ ಇಬ್ಬರಲ್ಲೂ ದೋಷ ಅಡಗಿದ್ದರೆ, ಪ್ರತಿ ಬಸಿರಿನಲ್ಲೂ ಹೀಗಾಗುವ ಸಂಭವ ನಾಲ್ಕರಲ್ಲಿ ಒಂದು.

ಈಗ ಸಂಬಂಧದ ಮಾತು. ಸೋದರಮಾವ ಮತ್ತು ಅಕ್ಕನ ಮಗಳಲ್ಲಿ ಸರಾಸರಿ ನಾಲ್ಕನೇ ಒಂದು ಪಾಲು, ಸೋದರತ್ತೆ-ಸೋದರಮಾವನ ಮಕ್ಕಳಲ್ಲಿ ಎಂಟನೇ ಒಂದು ಪಾಲು ಡಿ.ಎನ್.ಎ. ಒಂದೇ ಮೂಲದ ನಕಲು. ಅಜ್ಜಿಯ ಒಂದು ತಪ್ಪು ಇಬ್ಬರಲ್ಲೂ ಅಡಗಿರುವ ಸಂಭವ ಹೆಚ್ಚು. ಡಾಕ್ಟರು ಬೇಡ ಎನ್ನುವುದು ಇದಕ್ಕೇ. ಹಾಗಂತ ಸಂಬಂಧದಲ್ಲಿ ಮದುವೆಯಾದವರು ಗಾಬರಿಯಾಗಬೇಡಿ. ಹೆಚ್ಚಿನವರ ಮಕ್ಕಳು ಚೆನ್ನಾಗಿಯೇ ಇರುತ್ತಾರೆ.

ಇಂಥ ಮಗು ಹುಟ್ಟಿದರೆ ಸೊಸೆಯ ಕಾಲ್ಗುಣ ಎನ್ನುವವರುಂಟು. ಅಂಥವರಿಗೆ ಈ ಲೆಕ್ಕ ತಿಳಿಸಿಹೇಳಿ: ಒಂದು ಪ್ರತಿ ತಾಯಿಯದು, ಇನ್ನೊಂದು ತಂದೆಯದು. ಬೇಕೆಂದು ಕೊಟ್ಟವರು ಯಾರೂ ಇಲ್ಲ.

ನನ್ನ ಸಲಹೆ ಇಷ್ಟು. ಆದಷ್ಟು ಹೊರಗೇ ಸಂಬಂಧ ನೋಡಿ. ಒಳಗಾಗಲಿ ಹೊರಗಾಗಲಿ, ಮದುವೆಗೆ ಮೊದಲು ಹುಡುಗ-ಹುಡುಗಿ ಇಬ್ಬರಿಗೂ ಹಿಮೋಗ್ಲೋಬಿನ್ ಎ2 ರಕ್ತಪರೀಕ್ಷೆ ಮಾಡಿಸಿ. ಆದರೆ ಇದು ಥಲಸ್ಸೀಮಿಯಾಕ್ಕೆ ಮಾತ್ರ. ಅಡಗಿರುವ ಬೇರೆ ದೋಷಗಳನ್ನು ಇದು ತೋರಿಸದು. ಮದುವೆ ಆಗಿಹೋಗಿದ್ದರೆ ಬಸಿರಾಗುವ ಮುಂಚೆಯೋ, ಬಸಿರಾದ ಕೂಡಲೇಯೋ ಮಾಡಿಸಿ. ಇಬ್ಬರಲ್ಲೂ ದೋಷ ಕಂಡರೆ ಮೂರನೇ ತಿಂಗಳಲ್ಲೇ ಭ್ರೂಣದ ಪರೀಕ್ಷೆ ಸಾಧ್ಯ. ಜಾತಕ ನೋಡುವ ದಿನವೇ ಈ ಪರೀಕ್ಷೆಯ ಮಾತನ್ನೂ ಎತ್ತಿ, ಸಂಕೋಚ ಬೇಡ.