ತಂತಿಯ ದಪ್ಪ, ಫ್ಯೂಸಿನ ಕಾವಲು

ಸೌರದೀಪ ಕೊಳ್ಳುವವರು ಫಲಕ ಎಷ್ಟು ವ್ಯಾಟಿನದು, ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ ಎಂದು ವಿಚಾರಿಸುತ್ತಾರೆ. ನಡುವೆ ಹಾಯುವ ತಂತಿಯ ದಪ್ಪವೆಷ್ಟು, ಫ್ಯೂಸ್ ಎಲ್ಲಿದೆ ಎಂದು ಕೇಳುವವರು ವಿರಳ. ಕಾಡಂಚಿನ ಮನೆಯಲ್ಲಿ ದೀಪ ಮಂಕಾದರೆ ದೂರು ಮಳೆಗಾಲದ ಮೋಡದ ಮೇಲೆ ಬೀಳುತ್ತದೆ. ಎಷ್ಟೋ ಸಲ ದೋಷವಿರುವುದು ತಂತಿಯಲ್ಲಿ.

ನಗರದ ರೂಢಿಯನ್ನು ಹಾಗೆಯೇ ಮಲೆನಾಡಿಗೆ ತರುವುದು ಇದಕ್ಕೊಂದು ಕಾರಣ. ಯಲಹಂಕ, ಆರ್.ಟಿ. ನಗರದ ಮನೆಗಳಿಗೆ ಬರುವುದು 230 ವೋಲ್ಟಿನ ವಿದ್ಯುತ್ತು. 24 ವ್ಯಾಟಿನ ದೀಪಗಳಿಗೆ ಅಲ್ಲಿ ಹರಿಯುವುದು 0.1 ಆಂಪಿಯರ್ ಮಾತ್ರ. ಸಣ್ಣ ತಂತಿ ಸಾಕು. 12 ವೋಲ್ಟಿನ ಸೌರ ವ್ಯವಸ್ಥೆಯಲ್ಲಿ ಅಷ್ಟೇ ದೀಪಗಳಿಗೆ 2 ಆಂಪಿಯರ್ ಬೇಕು. ಅದೇ ತಂತಿಯಲ್ಲಿ ಶೇಕಡಾವಾರು ನಷ್ಟ 360 ಪಟ್ಟಿಗೂ ಮಿಗಿಲಾಗುತ್ತದೆ.

ಬ್ಯಾಟರಿಯಿಂದ ಕೊಟ್ಟಿಗೆಗೆ 10 ಮೀಟರ್ ದೂರವಿದೆಯೆನ್ನೋಣ. ವಿದ್ಯುತ್ತು ಹೋಗಿ ಮರಳಬೇಕಾದ್ದರಿಂದ ಲೆಕ್ಕಕ್ಕೆ ಹಿಡಿಯಬೇಕಾದುದು 20 ಮೀಟರ್. 1 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ ಸುಮಾರು 0.8 ವೋಲ್ಟ್, ಅಂದರೆ ಶೇ. 6ಕ್ಕೂ ಹೆಚ್ಚು ದಾರಿಯಲ್ಲೇ ಕಳೆದುಹೋಗುತ್ತದೆ. 2.5 ಚದರ ಮಿಲಿಮೀಟರಿನ ತಂತಿಯಲ್ಲಿ ನಷ್ಟ ಸುಮಾರು 0.3 ವೋಲ್ಟ್. ಶೇ. 3ರೊಳಗೆ ನಷ್ಟವನ್ನು ತಡೆಯುವುದು ಉತ್ತಮ ಪದ್ಧತಿ.

ದಪ್ಪ ತಂತಿ ದುಬಾರಿಯೆಂಬ ಆಕ್ಷೇಪ ಸುಳ್ಳಲ್ಲ. ತಾಮ್ರವೂ ನೆಲವನ್ನು ಅಗೆದು ತೆಗೆದದ್ದೇ. ಆದ್ದರಿಂದ ಮೊದಲು ಬ್ಯಾಟರಿಯನ್ನು ದೀಪಗಳ ನಡುವೆ ಇರಿಸಿ ದೂರ ತಗ್ಗಿಸಬೇಕು. ಕಡಿಮೆ ವ್ಯಾಟಿನ ಎಲ್‌ಇಡಿ ಬಳಸಬೇಕು. ಅನಂತರ ತಂತಿಯನ್ನು ಆರಿಸಬೇಕು. ತಂತಿಯಲ್ಲಿ ಉಳಿಸಿ, ಮಂಕು ಬೆಳಕಿಗೆ ಪರಿಹಾರವೆಂದು ದೊಡ್ಡ ಬ್ಯಾಟರಿ ತರುವುದು ಹಣಕ್ಕೂ ಪರಿಸರಕ್ಕೂ ನಷ್ಟ.

12 ವೋಲ್ಟ್ ಮುಟ್ಟಿದರೂ ಹೊಡೆಯದು, ಆದ್ದರಿಂದ ಅಪಾಯವಿಲ್ಲ ಎಂಬ ಮಾತು ಅರ್ಧಸತ್ಯ. ಒಂದೇ ಫಲಕವು ತನ್ನ ಮಿತಿಗಿಂತ ಹೆಚ್ಚು ವಿದ್ಯುತ್ತನ್ನು ಹರಿಸಲಾರದು. ಸೀಸ-ಆಮ್ಲ ಬ್ಯಾಟರಿಯಾದರೋ ಎರಡು ತುದಿಗಳು ಕೂಡಿದೊಡನೆ ನೂರಾರು ಆಂಪಿಯರ್ ಹರಿಸಬಲ್ಲದು. ಇಲಿ ಕಡಿದ ತಂತಿಯೊಂದು ಹುಲ್ಲಿನ ಅಟ್ಟಕ್ಕೆ ಬೆಂಕಿ ಹಚ್ಚಲು ಅಷ್ಟು ಸಾಕು. ಹೀಗಾಗಿ ಮುಖ್ಯ ಫ್ಯೂಸ್ ಬ್ಯಾಟರಿಯ ಧನ ತುದಿಯಿಂದ ಗೇಣುದ್ದದೊಳಗೆ ಇರಬೇಕು.

ಫ್ಯೂಸ್ ಕಾಯುವುದು ದೀಪವನ್ನಲ್ಲ, ತಂತಿಯನ್ನು. ಅದರ ಅಳತೆ ಸಾಮಾನ್ಯ ಹರಿವಿಗಿಂತ ಕಾಲುಪಾಲಾದರೂ ಹೆಚ್ಚಿರಬೇಕು, ತಂತಿ ತಾಳುವ ಮಿತಿಗಿಂತ ಕಡಿಮೆಯಿರಬೇಕು. ಮೇಲಿನ ಕೊಟ್ಟಿಗೆಯ ಸಾಲಿಗೆ 3 ಆಂಪಿಯರಿನದು ಸರಿಹೊಂದುತ್ತದೆ. ಏಕಮುಖ ವಿದ್ಯುತ್ತಿನ ಕಿಡಿ ಸುಲಭವಾಗಿ ಆರದು. ಆದ್ದರಿಂದ ಅದಕ್ಕೆಂದೇ ತಯಾರಾದ ಫ್ಯೂಸನ್ನೇ ಕೊಳ್ಳಬೇಕು. ವಾಹನಗಳ ಬಿಡಿಭಾಗದ ಅಂಗಡಿಯಲ್ಲಿ ಸಿಗುವ ಚಪ್ಪಟೆ ಫ್ಯೂಸುಗಳು ಅಗ್ಗ. ಕೆಂಪು ಬಣ್ಣದ್ದು 10 ಆಂಪಿಯರಿನದು. ಸುಟ್ಟ ಫ್ಯೂಸಿನ ಜಾಗದಲ್ಲಿ ತಾಮ್ರದ ಎಳೆ ಸುತ್ತುವುದೆಂದರೆ ಕಾವಲುಗಾರನನ್ನು ಕಳುಹಿಸಿ ಬಾಗಿಲು ತೆರೆದಿಟ್ಟಂತೆ.

1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೋ, ಹಳ್ಳಿಯ ಮನೆಗಳೂ ಬ್ಯಾಂಕ್ ಸಾಲದಿಂದ ಸೌರದೀಪ ಪಡೆಯಬಹುದೆಂದು ತೋರಿಸಿತು. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಸಾಲ ತೀರುವವರೆಗೆ ದೀಪ ಬೆಳಗಬೇಕಾದರೆ ಜೋಡಣೆಯೂ ಗಟ್ಟಿಯಿರಬೇಕು. ಸಾಲವಾಗಲಿ ಸಹಾಯಧನವಾಗಲಿ, ದರಪಟ್ಟಿಯಲ್ಲಿ ತಂತಿಯ ಅಳತೆ, ಉದ್ದ, ಫ್ಯೂಸಿನ ಆಂಪಿಯರ್ ಮತ್ತು ಜಾಗ ಬರೆದಿರದಿದ್ದರೆ ಗ್ರಾಮಸ್ಥರು ಸಹಿ ಹಾಕಬಾರದು. ಜಕ್ಕೂರಿನ ಮಹಾತ್ಮ ಗಾಂಧಿ ಗ್ರಾಮೀಣ ಇಂಧನ ಸಂಸ್ಥೆಯಂಥ ತರಬೇತಿ ಕೇಂದ್ರಗಳು ಊರಿಗೊಬ್ಬರಿಗಾದರೂ ಈ ಲೆಕ್ಕವನ್ನು ಕಲಿಸಬೇಕು.

ಹೆಬ್ಬಾಳದ ಜಿ.ಕೆ.ವಿ.ಕೆ.ಯಲ್ಲಿ ಓದುತ್ತಿರುವ ಮಲೆನಾಡಿನ ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ರಜೆಗೆ ಊರಿಗೆ ಬಂದಾಗ ಎಲ್ಲ ದೀಪ ಹಚ್ಚಿ, ಬ್ಯಾಟರಿಯ ಬಳಿ ಮತ್ತು ಕೊನೆಯ ದೀಪದ ಬಳಿ ಮಲ್ಟಿಮೀಟರಿನಿಂದ ವೋಲ್ಟ್ ಅಳೆದರೆ ಸಾಕು. ವ್ಯತ್ಯಾಸ 0.36 ವೋಲ್ಟಿಗಿಂತ ಹೆಚ್ಚಿದ್ದರೆ ತಂತಿಯನ್ನೂ ಜೋಡಣೆಗಳನ್ನೂ ಪರೀಕ್ಷಿಸಬೇಕು.