ಸೊಂಟ ಹಿಡಿದರೆ ಹಾಸಿಗೆ ಹಿಡಿಯಬೇಡಿ

50 ಕಿಲೋ ಗೊಬ್ಬರದ ಮೂಟೆಯನ್ನು ಬಗ್ಗಿ ಎತ್ತುವಾಗ ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆ ಜರುಗಿ ನರವನ್ನು ಒತ್ತಬಹುದು. ಆಗ ನೋವು ಕಾಲಿನವರೆಗೂ ಸೆಳೆಯುತ್ತದೆ. ಹೆಚ್ಚಿನವರಲ್ಲಿ ಇದು 6ರಿಂದ 12 ವಾರಗಳಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆ ತಗ್ಗುತ್ತದೆ. ಆದರೂ ಕೆಲವರು ವರ್ಷಗಟ್ಟಲೆ ದುಡಿಯಲಾರದೆ ಉಳಿಯುವುದೇಕೆ?

ನಮ್ಮ ಅಭಿಪ್ರಾಯದಲ್ಲಿ, ಜರುಗಿದ ಮೆತ್ತೆಗಿಂತ ಹೆಚ್ಚು ಕೇಡು ಮಾಡುವುವು ಮೂರು: ವಾರಗಟ್ಟಲೆ ಮಲಗುವುದು, ‘ಇನ್ನು ನನ್ನಿಂದಾಗದು’ ಎಂಬ ಭಯ, ಬಿತ್ತನೆಯ ಆತುರದಲ್ಲಿ ನೋವು ತಗ್ಗಿದೊಡನೆ ಮತ್ತೆ ಮೂಟೆ ಹೊರುವುದು. ಒಂದೆರಡು ದಿನದ ವಿಶ್ರಾಂತಿ ಸಾಕು; ಬಳಿಕ ನಿಧಾನವಾಗಿ ನಡೆದಾಡಿರಿ. ಭಾರದ ಕೆಲಸಕ್ಕೆ ಮುಯ್ಯಾಳು ಕರೆಯಿರಿ, ಅದರಲ್ಲಿ ನಾಚಿಕೆಯಿಲ್ಲ.

ಆದರೆ ಕಾಲಿನ ಬಲ ಕುಂದಿದರೆ, ತೊಡೆಸಂದು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ತಾನಾಗಿ ಹೋದರೆ ತಡಮಾಡದೆ ಅಂದೇ ದೊಡ್ಡ ಆಸ್ಪತ್ರೆಗೆ ಹೋಗಿರಿ. ತಡವಾದರೆ ನಷ್ಟ ಶಾಶ್ವತವಾದೀತು.